ಅಡಿಗೆಮನೆಯ ಉಪ್ಪು, ಮನ್ಮಾಡಿನ ನೀರು

ನಮಗೂ ರಸಾಯನಶಾಸ್ತ್ರಕ್ಕೂ ಎಣ್ಣೆ-ಸೀಗೇಕಾಯಿ. ಇತಿಹಾಸ, ಅರ್ಥಶಾಸ್ತ್ರಗಳನ್ನೋದಿ ಬಿ.ಎ. ಎನಿಸಿಕೊಂಡು, ಸರಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಹೊತ್ತು ಕಳೆಯುವ ನಾವು ಇಂದು ಸೋಡಿಯಮ್ಮು, ಕ್ಲೋರೀನು ಎಂದು ಬರೆಯಲು ಕುಳಿತಿದ್ದೇವೆಂದರೆ ನಮ್ಮ ಗೆಳೆಯರು ನಕ್ಕಾರು. ನಗಲಿ. ಇದಕ್ಕೆ ಕಾರಣ ನಮ್ಮ ಮಗಳು; ಅವಳು ಬಚ್ಚಿಟ್ಟಿದ್ದ ಒಂದು ಕಾಗದ.

ಮನ್ಮಾಡಿನಲ್ಲಿ ಕನ್ನಡದ ಶಾಲೆಯಿಲ್ಲವಾದ್ದರಿಂದ ಮಗಳು ಮರಾಠಿ ಮಾಧ್ಯಮದಲ್ಲಿ ಎಂಟನೆಯ ಇಯತ್ತೆ ಓದುತ್ತಾಳೆ. ಮನೆಯಲ್ಲಿ ಗದುಗಿನ ಕನ್ನಡ, ಬೀದಿಯಲ್ಲಿ ಮರಾಠಿ, ಸ್ಟೇಶನ್ನಿನಲ್ಲಿ ಹಿಂದಿ. ಒಂದು ಭಾನುವಾರ ಅಡಿಗೆಮನೆಯ ಕಪಾಟಿನ ಹಾಸುಕಾಗದ ಬದಲಿಸುವಾಗ ಅದರಡಿಯಲ್ಲಿ ಅವಳ ಚಾಚಣಿ ಪರೀಕ್ಷೆಯ ಪತ್ರಿಕೆ ಸಿಕ್ಕಿತು. ವಿಜ್ಞಾನ: 20ಕ್ಕೆ 4. ನಾವು ಗದರಿಸಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಗದರಿಸಿದೆವು. ಅವಳು ಅಳುತ್ತ ಅಂದದ್ದು ಮಾತ್ರ ಎದೆಗೆ ನಾಟಿತು: “ನಾ ಯಾರನ್ನ ಕೇಳಲಿ ಅಪ್ಪಾ? ನಿಮಗೂ ಇದು ಗೊತ್ತಾಗೂದಿಲ್ಲ.”

ಸತ್ಯವಾದ ಮಾತು. ಅಂದು ರಾತ್ರಿ ಊಟವಾದ ಮೇಲೆ ಅವಳ ಪುಸ್ತಕ ತೆಗೆದುಕೊಂಡು ನಾವೇ ಓದಲು ಕುಳಿತೆವು. ಆಯನ, ಸಂಯುಜಾ, ಅಷ್ಟಕ, ಇಲೆಕ್ಟ್ರಾನ್ ಸಂರೂಪಣ! ನಮ್ಮ ನಾಡಿನ ಪುಸ್ತಕಗಳಲ್ಲಿ ಅಯಾನು, ವೇಲೆನ್ಸಿ, ಇಲೆಕ್ಟ್ರಾನ್ ವಿನ್ಯಾಸ ಎನ್ನುತ್ತಾರೆ. ಹೆಸರು ಯಾವುದಾದರೇನು, ತಿಳಿಯದವನಿಗೆ ಎಲ್ಲವೂ ಒಂದೇ. ಕಲಿತ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತೇವೆ. ನಮ್ಮಂತೆ ಮಕ್ಕಳ ಮುಂದೆ ತಲೆ ತಗ್ಗಿಸಿದ ತಂದೆತಾಯಿಗಳು ನಮ್ಮ ಓದುಗರಲ್ಲಿ ಇನ್ನೂ ಕೆಲವರಿದ್ದಾರು.

ಪರಮಾಣುವಿನ ನಡುವೆ ಒಂದು ಬೀಜ. ಅದರಲ್ಲಿ ಧನ ವಿದ್ಯುತ್ತಿನ ಪ್ರೋಟಾನುಗಳು. ಸುತ್ತ ಅಷ್ಟೇ ಸಂಖ್ಯೆಯ ಋಣ ವಿದ್ಯುತ್ತಿನ ಇಲೆಕ್ಟ್ರಾನುಗಳು, ಒಂದರ ಹೊರಗೊಂದು ಕವಚಗಳಲ್ಲಿ. ಮೊದಲ ಕವಚದಲ್ಲಿ ಎರಡಕ್ಕೆ ಸ್ಥಳ, ಎರಡನೆಯದರಲ್ಲಿ ಎಂಟಕ್ಕೆ. ಇದನ್ನು ಮಗಳು ಬಾಯಿಪಾಠ ಮಾಡಿದ್ದಳು, ಅರ್ಥ ಮಾಡಿಕೊಂಡಿರಲಿಲ್ಲ. ನಾವಿರುವುದು ರೇಲ್ವೆ ಜಂಕ್ಷನ್ನಿನಲ್ಲಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿನ ಕಡೆ ಹೋಗಿಬರುವಾಗ ಸ್ಲೀಪರ್ ಡಬ್ಬಿಯ ಒಂದು ಕಂಪಾರ್ಟ್‌ಮೆಂಟಿನಲ್ಲಿ ಎಷ್ಟು ಬರ್ತು ಎಂದು ಕೇಳಿದೆವು. ಬೆರಳು ಮಡಿಸಿ ಎಣಿಸಿದಳು: ಎದುರುಬದುರು ಮೂರು ಮೂರು, ಪಕ್ಕದಲ್ಲಿ ಎರಡು, ಎಂಟು! ಮೊದಲ ದರ್ಜೆಯ ಕೂಪೆಯಲ್ಲಿ ಎರಡು. “ಹಾಗಾದರೆ ನೋಡು, ಸೋಡಿಯಮ್ಮಿನದು 11 ಮಂದಿ ಪ್ರಯಾಣಿಕರ ಮೇಳ. ಕೂಪೆಯಲ್ಲಿ ಇಬ್ಬರು, ಮುಂದಿನದರಲ್ಲಿ ಎಂಟು, ಅದರಾಚೆಯದರಲ್ಲಿ ಒಬ್ಬನೇ ಒಬ್ಬ. ಕ್ಲೋರೀನಿನದು 17: ಎರಡು, ಎಂಟು, ಏಳು. ಒಂದು ಬರ್ತು ಖಾಲಿ.” ಮಗಳು ಕಣ್ಣು ಅಗಲಿಸಿದಳು. ಒಂಟಿಯಾಗಿ ಕುಳಿತವನು ಖಾಲಿ ಬರ್ತಿಗೆ ಹೋಗುವುದೇ ಅವಳ ಪುಸ್ತಕದ ಆಯನಿಕ ಬಂಧದ ಮೊದಲ ಹೆಜ್ಜೆ. ಇಲೆಕ್ಟ್ರಾನುಗಳು ಬರ್ತಿನ ಮೇಲೆ ಮಲಗಿದವರಂತೆ ಒಂದೆಡೆ ಇರುವುದಿಲ್ಲ, ಮೋಡದಂತೆ ಹರಡಿಕೊಂಡಿರುತ್ತವೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಎಂಟನೆಯ ಇಯತ್ತೆಗೆ ಸದ್ಯ ಬರ್ತು ಸಾಕು.

ಇನ್ನು ಅವಳ ತಪ್ಪು. ಸೋಡಿಯಮ್ಮು ಒಂದು ಇಲೆಕ್ಟ್ರಾನು ಕೊಟ್ಟಮೇಲೆ ಅದರ ತಲೆಯ ಮೇಲೆ ಅವಳು ಕಳೆಯುವ ಚಿಹ್ನೆ ಹಾಕಿದ್ದಳು. ಶಿಕ್ಷಕರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದರು. “ಕಳಕೊಂಡಿತು ಅಂದಮ್ಯಾಲೆ ಮೈನಸ್ ಆಗಬೇಕಲ್ಲಾ ಅಪ್ಪಾ?” ಎಂದು ಅವಳ ವಾದ. ನಿಜ ಹೇಳುತ್ತೇವೆ, ಅರೆಗಳಿಗೆ ನಮಗೂ ಅದೇ ಸರಿಯೆಂದು ತೋರಿತು. ಆಮೇಲೆ ಹೊಳೆಯಿತು: ಉತ್ತರ ನಮ್ಮ ಮಾತಿನಲ್ಲಿಯೇ ಕುಳಿತಿದೆಯಲ್ಲ! ಇಲೆಕ್ಟ್ರಾನಿನದು ಋಣ ವಿದ್ಯುತ್ತು. ಋಣವೆಂದರೆ ಸಾಲ. ಸಾಲ ಕಳೆದುಕೊಂಡವನು ಬಡವನಾಗುತ್ತಾನೆಯೆ? ತನ್ನಲ್ಲಿದ್ದ ಒಂದು ಋಣವನ್ನು ದಾಟಿಸಿದ ಸೋಡಿಯಮ್ಮು ಧನವಾಯಿತು. ಆ ಋಣವನ್ನು ಮೈಮೇಲೆ ಹಾಕಿಕೊಂಡ ಕ್ಲೋರೀನು ಋಣವಾಯಿತು. ಲೆಕ್ಕ ನೋಡಿ: ಬೀಜದಲ್ಲಿ 11 ಧನ, ಹೊರಗೆ ಉಳಿದದ್ದು 10 ಋಣ; ನಿವ್ವಳ ಒಂದು ಧನ. ಕ್ಲೋರೀನಿನಲ್ಲಿ 17 ಧನ, 18 ಋಣ. ನಿವ್ವಳ ಒಂದು ಋಣ. ಹೀಗೆ ವಿದ್ಯುತ್ತು ಹೊತ್ತ ಕಣವೇ ಅಯಾನು. ಮರಾಠಿಯಲ್ಲಿಯೂ ಧನ ಪ್ರಭಾರ, ಋಣ ಪ್ರಭಾರ ಎಂದೇ ಹೇಳುತ್ತಾರೆ. ಮಗಳು ಆ ಶಬ್ದಗಳನ್ನು ನೂರು ಸಲ ಬರೆದಿದ್ದಳು. ಮನೆಯ ಸಾಲದ ಕಂತು ಕಟ್ಟುವ ತಂದೆಗಷ್ಟೇ ಅದರ ಅರ್ಥ ಬೇಗ ಹೊಳೆದದ್ದು!

ಅಯಾನು ಎಂಬ ಹೆಸರು ಬಂದದ್ದು 1834ರಲ್ಲಿ. ಮೈಕೇಲ್ ಫ್ಯಾರಡೆ ದ್ರಾವಣಗಳಲ್ಲಿ ವಿದ್ಯುತ್ತು ಹಾಯಿಸಿ ಪ್ರಯೋಗ ನಡೆಸುತ್ತಿದ್ದಾಗ, ಧ್ರುವಗಳ ಕಡೆಗೆ ಹೋಗುವ ಕಣಗಳಿಗೆ ಹೆಸರು ಬೇಕೆಂದು ಕೇಂಬ್ರಿಜ್ಜಿನ ವಿಲಿಯಂ ಹ್ಯೂವೆಲ್ಲರನ್ನು ಕೇಳಿದನಂತೆ. ಗ್ರೀಕ್ ಭಾಷೆಯಲ್ಲಿ ‘ಹೋಗುವುದು’ ಎಂಬ ಅರ್ಥದ ಶಬ್ದ ಅದು. ವಿದ್ಯುತ್ತು ಹಾಯಿಸದೆಯೇ, ಬರಿಯ ನೀರಿನಲ್ಲಿ ಕರಗಿದೊಡನೆ ಉಪ್ಪು ಅಯಾನುಗಳಾಗಿ ಒಡೆಯುತ್ತದೆಂದು ಸ್ವೀಡನ್ನಿನ ಅರೇನಿಯಸ್ 1884ರ ತನ್ನ ಪ್ರಬಂಧದಿಂದ ಆರಂಭಿಸಿ ವಾದಿಸಿದ. ಆ ಪ್ರಬಂಧಕ್ಕೆ ಉಪ್ಸಲಾದ ಪಂಡಿತರು ತೀರ ಕೆಳಗಿನ ದರ್ಜೆ ಕೊಟ್ಟರು. 1903ರಲ್ಲಿ ಅದೇ ವಿಚಾರಕ್ಕಾಗಿ ಆತನಿಗೆ ನೊಬೆಲ್ ಬಹುಮಾನ ಬಂತು. ಈ ಕಥೆಯನ್ನು ಕೇಳಿದ ಮೇಲೆ 20ಕ್ಕೆ 4ರ ದುಃಖ ಮಗಳಿಗೆ ಕೊಂಚ ಕಡಿಮೆಯಾಯಿತು.

ಈ ಕಥೆಯಲ್ಲಿ ನಮ್ಮ ದೇಶದವರೂ ಇದ್ದಾರೆ. ದ್ರಾವಣದಲ್ಲಿ ಉಪ್ಪಿನಂಥ ಪದಾರ್ಥಗಳು ಅರೆಬರೆಯಾಗಿ ಅಲ್ಲ, ಪೂರ್ತಿಯಾಗಿಯೇ ಅಯಾನುಗಳಾಗಿರುತ್ತವೆ ಎಂಬ ನೆಲೆಯ ಮೇಲೆ 1918ರಲ್ಲಿ ಜ್ಞಾನಚಂದ್ರ ಘೋಷ್ ಎಂಬ ಬಂಗಾಲದ ತರುಣರು ಒಂದು ಸಿದ್ಧಾಂತ ಮಂಡಿಸಿದರು. ಆಗ ಅವರಿಗೆ 25 ತುಂಬಿರಲಿಲ್ಲ. 1923ರಲ್ಲಿ ಡೆಬೈ ಮತ್ತು ಹ್ಯುಕೆಲ್ ಎಂಬಿಬ್ಬರು ಇನ್ನೂ ಸಮರ್ಪಕವಾದ ಸಿದ್ಧಾಂತ ಕೊಟ್ಟರು. ಘೋಷರದು ಹಿಂದೆ ಸರಿಯಿತು. ಈ ಘೋಷರೇ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದವರು. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಜಾಗ ಅದೇ.

ಮಗಳ ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು. ಒಂದು ಸೋಡಿಯಮ್ಮು, ಒಂದು ಕ್ಲೋರೀನು ಕೈಕೈ ಹಿಡಿದು ನಿಂತ ಚಿತ್ರ ಬರೆದು ‘ಉಪ್ಪಿನ ಒಂದು ಅಣು’ ಎಂದು ಅವಳು ಹೆಸರಿಟ್ಟಿದ್ದಳು. ಉಪ್ಪಿನ ಹರಳಿನಲ್ಲಿ ಅಂಥ ಜೋಡಿಯೇ ಇಲ್ಲ! ಚದುರಂಗದ ಮಣೆಯನ್ನು ಮೇಲಕ್ಕೂ ಪೇರಿಸಿದಂತೆ, ಪ್ರತಿ ಸೋಡಿಯಮ್ಮಿನ ಸುತ್ತ ಆರು ಕ್ಲೋರೈಡು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಮ್ಮು. ಯಾರು ಯಾರ ಜೋಡಿ ಎಂದು ಹೇಳುವಂತಿಲ್ಲ. 1913ರಲ್ಲಿ ಕ್ಷಕಿರಣಗಳ ಸಹಾಯದಿಂದ ಇದನ್ನು ಕಂಡವರು ಬ್ರ್ಯಾಗ್ ತಂದೆ-ಮಕ್ಕಳು. ಆದರೂ ಆರ್ಮ್‌ಸ್ಟ್ರಾಂಗ್ ಎಂಬ ವೃದ್ಧ ರಸಾಯನಜ್ಞರು 1927ರಲ್ಲಿ ಕೂಡ, ಪಾಪ ಉಪ್ಪನ್ನು ಚದುರಂಗದ ಮಣೆ ಮಾಡಿಬಿಟ್ಟರೆಂದು ‘ನೇಚರ್’ ಪತ್ರಿಕೆಗೆ ಸಿಟ್ಟಿನ ಕಾಗದ ಬರೆದರು. ಅಷ್ಟು ದೊಡ್ಡವರಿಗೇ ಜೋಡಿಯ ಮೋಹ ಬಿಡಲಿಲ್ಲ. ಹದಿಮೂರರ ಹುಡುಗಿ ತಪ್ಪಿದ್ದು ದೊಡ್ಡದಲ್ಲ.

ಈ ಚದುರಂಗದಲ್ಲಿಯೇ ನಿಜವಾದ ಗುಟ್ಟಿದೆ. ಗುಮಾಸ್ತರಾದ ನಮಗೆ ಅದು ಜಮಾ-ಖರ್ಚಿನ ಲೆಕ್ಕದಲ್ಲಿ ತಿಳಿಯಿತು. ‘ಸೋಡಿಯಮ್ಮಿಗೆ ಕೊಡುವ ಆಸೆ, ಕ್ಲೋರೀನಿಗೆ ಪಡೆಯುವ ಆಸೆ’ ಎಂದು ಪಾಠ ಹೇಳುವ ರೂಢಿಯಿದೆ. ನಮ್ಮ ರೇಲಿನ ಹೋಲಿಕೆಗೂ ಅದೇ ದೋಷ. ಲೆಕ್ಕ ಹಾಗೆ ಹೇಳುವುದಿಲ್ಲ. 23 ಗ್ರಾಂ ಸೋಡಿಯಮ್ ಲೋಹವನ್ನು ಬಿಡಿ ಪರಮಾಣುಗಳ ಆವಿಯಾಗಿಸಲು 107 ಕಿಲೋಜೂಲ್ ಖರ್ಚು. ಅಷ್ಟಕ್ಕೆ ಬೇಕಾದ ಕ್ಲೋರೀನನ್ನು ಜೋಡಿಯಿಂದ ಬಿಡಿಸಲು 122. ಸೋಡಿಯಮ್ಮಿನಿಂದ ಇಲೆಕ್ಟ್ರಾನು ಕೀಳಲು 496. ಒಟ್ಟು ಖರ್ಚು 725. ಕ್ಲೋರೀನು ಇಲೆಕ್ಟ್ರಾನನ್ನು ಪಡೆದಾಗ ಜಮೆಯಾಗುವುದು ಕೇವಲ 349. ಇಲ್ಲಿಗೆ ನಿಲ್ಲಿಸಿದರೆ ದಿವಾಳಿ! ಆದರೆ ಆ ಅಯಾನುಗಳೆಲ್ಲ ಒಂದರ ಸುತ್ತ ಒಂದು ನೆರೆದು ಹರಳು ಕಟ್ಟುವಾಗ 787 ಜಮೆಯಾಗುತ್ತದೆ. ಖರ್ಚು ಕಳೆದು ಉಳಿತಾಯ 411. ಅಂದಮೇಲೆ ಉಪ್ಪು ಉಪ್ಪಾಗುವುದು ಇಬ್ಬರ ಕೊಡುಕೊಳ್ಳುವಿಕೆಯಿಂದಲ್ಲ, ಎಲ್ಲರೂ ಸೇರಿ ನಿಲ್ಲುವುದರಿಂದ. ಕರಗಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕಾಗುವಷ್ಟು ಬಿಗಿಯಾದ ಕೂಟ ಅದು. ನೀರಿಗೆ ಹಾಕಿದರೆ ಮಾತ್ರ ಬೆಂಕಿಯಿಲ್ಲದೆಯೇ ಬಿಡಿಸಿಕೊಳ್ಳುತ್ತದೆ. ನೀರಿನ ಅಣುವಿಗೆ ಒಂದು ಕಡೆ ಕೊಂಚ ಧನ, ಇನ್ನೊಂದು ಕಡೆ ಕೊಂಚ ಋಣ; ಅವು ಗುಂಪುಗೂಡಿ ಒಂದೊಂದು ಅಯಾನನ್ನೂ ಸುತ್ತುವರಿದು ಎಳೆದೊಯ್ಯುತ್ತವೆ.

ನಮ್ಮ ಮನೆಯವರ ತವರು ಗೋಕರ್ಣದ ಕಡೆ, ಸಾಣಿಕಟ್ಟೆಯ ಉಪ್ಪಿನ ಆಗರಗಳ ಹತ್ತಿರ. ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು ಆಗ ಅಂದರು: “ನಿಮ್ಮ ಲೆಕ್ಕ ಎಲ್ಲ ಸರಿ. ಆದರೆ ಮಳೆಗಾಲದಲ್ಲಿ ನಮ್ಮೂರ ಉಪ್ಪು ಭರಣಿಯಲ್ಲೇ ನೀರಾಗ್ತದಲ್ಲ, ಪೇಟೆ ಉಪ್ಪು ಯಾಕೆ ಆಗೂದಿಲ್ಲ?” ಒಳ್ಳೆಯ ಪ್ರಶ್ನೆ. ಸಮುದ್ರದ ನೀರು ಆಗರದಲ್ಲಿ ಬಿಸಿಲಿಗೆ ಇಂಗುವಾಗ ಸೋಡಿಯಮ್ ಕ್ಲೋರೈಡು ಮೊದಲು ಹರಳಾಗುತ್ತದೆ. ಮೆಗ್ನೀಸಿಯಮ್ಮಿನ ಲವಣಗಳು ಹಿಂದುಳಿದ ಕಹಿನೀರಿನಲ್ಲಿರುತ್ತವೆ. ಹರಳುಗಳಿಗೆ ಆ ಕಹಿನೀರು ಸ್ವಲ್ಪ ಅಂಟಿಕೊಂಡೇ ಬರುತ್ತದೆ. ಗಾಳಿಯ ತೇವವನ್ನು ಕುಡಿಯುವುದು ಆ ಮೆಗ್ನೀಸಿಯಮ್ ಕ್ಲೋರೈಡು. ತೊಳೆದು ಶುದ್ಧಮಾಡಿದ ಪೇಟೆಯ ಉಪ್ಪಿನಲ್ಲಿ ಅದು ಬಹಳ ಕಡಿಮೆ. ಮೆಗ್ನೀಸಿಯಮ್ಮಿನ ಇಲೆಕ್ಟ್ರಾನು 12: ಎರಡು, ಎಂಟು, ಎರಡು. ಎರಡನ್ನು ದಾಟಿಸಿದರೆ ಎರಡು ಧನ. ಅದಕ್ಕೆ ಒಂದಲ್ಲ, ಎರಡು ಕ್ಲೋರೈಡು ಬೇಕು. ಇದನ್ನು ನಾವು ಹೇಳುವ ಮೊದಲೇ ಮಗಳು ಬರೆದು ತೋರಿಸಿದಳು.

ಇನ್ನು ಮನ್ಮಾಡಿನ ನೀರಿನ ವಿಷಯ. ಈ ಊರಿನಲ್ಲಿ ಸಂಸಾರ ಮಾಡಿದವರಿಗೆ ನೀರಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಎಷ್ಟೋ ಬೇಸಿಗೆಗಳಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾದು, ಬೋರಿನ ನೀರಿನಲ್ಲಿ ಬದುಕಿದ್ದೇವೆ. ಆ ನೀರು ಕಾಯಿಸಿದ ಪಾತ್ರೆಗೆ ಬಿಳಿಯ ಹಕ್ಕಳೆ. ಸಾಬೂನು ಎಷ್ಟು ತಿಕ್ಕಿದರೂ ನೊರೆಯಿಲ್ಲ. ತೊಗರಿಬೇಳೆ ಬೇಯುವುದಕ್ಕೆ ಎರಡು ಸೀಟಿ ಹೆಚ್ಚು. ಇವೆಲ್ಲಕ್ಕೂ ಕಾರಣ ಎರಡು ಧನ ಹೊತ್ತ ಅಯಾನುಗಳು, ಕ್ಯಾಲ್ಸಿಯಮ್ಮು ಮತ್ತು ಮೆಗ್ನೀಸಿಯಮ್ಮು. ನೀರು ಕುದಿಸಿದಾಗ ಅದರಲ್ಲಿ ಕರಗಿರುವ ಬೈಕಾರ್ಬೊನೇಟು ಒಡೆದು ಅಂಗಾರಾಮ್ಲ ಹಾರಿಹೋಗಿ, ಕರಗದ ಕ್ಯಾಲ್ಸಿಯಮ್ ಕಾರ್ಬೊನೇಟು ತಳ ಹಿಡಿಯುತ್ತದೆ, ಅದೇ ಹಕ್ಕಳೆ. ಸಾಬೂನಿನ ಸೋಡಿಯಮ್ಮನ್ನು ತಳ್ಳಿ ಆ ಜಾಗದಲ್ಲಿ ಕ್ಯಾಲ್ಸಿಯಮ್ಮು ಕುಳಿತರೆ ನೊರೆಯ ಬದಲು ಜಿಗುಟಾದ ಗಸಿ.

ನಮ್ಮ ಓಣಿಯ ನಿವೃತ್ತ ರೇಲ್ವೆ ಅಜ್ಜನವರು ಹಬೆ ಎಂಜಿನ್ನುಗಳ ಕಾಲ ಕಂಡವರು. ಈ ಹಕ್ಕಳೆಯ ಹೆಸರೆತ್ತಿದರೆ ಇಂದಿಗೂ ತಲೆ ಚಚ್ಚಿಕೊಳ್ಳುತ್ತಾರೆ. ಬಾಯ್ಲರಿನೊಳಗೆ ಅದು ಪದರು ಕಟ್ಟಿದರೆ ಬೆಂಕಿಯ ಕಾವು ನೀರಿಗೆ ಸರಿಯಾಗಿ ಮುಟ್ಟುವುದಿಲ್ಲ, ಕಲ್ಲಿದ್ದಲು ಹೆಚ್ಚು ಸುಡಬೇಕು, ಕೊಳವೆಗಳು ಅತಿಯಾಗಿ ಕಾಯ್ದು ಕೆಡುತ್ತವೆ. ಅದಕ್ಕೇ ಗೊತ್ತಾದ ದಿನಗಳಿಗೊಮ್ಮೆ ಎಂಜಿನ್ನನ್ನು ಆರಿಸಿ ಬಾಯ್ಲರ್ ತೊಳೆಯುತ್ತಿದ್ದರಂತೆ.

ನೀರನ್ನು ಮೆದುಗೊಳಿಸುವ ಉಪಾಯವೂ ಇದೇ ನೆಲದ ಕಲ್ಲಿನೊಳಗೆ ಅಡಗಿದೆ ಎಂದರೆ ಓದುಗರು ನಂಬುವರೆ? ಮನ್ಮಾಡಿನ ಪಕ್ಕದ ಹಡಬೀಚೀ ಶೇಂಡಿ, ಅಂಕಾಯಿ-ಟಂಕಾಯಿ ಕೋಟೆಗಳನ್ನು ರೇಲಿನಿಂದ ನೋಡಿದ್ದೀರಿ. ಅವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕಪ್ಪು ಕಲ್ಲು. ಆ ಲಾವಾದಲ್ಲಿ ಗಾಳಿಗುಳ್ಳೆಗಳಿಂದಾದ ಪೊಟರೆಗಳಲ್ಲಿ ಮುಂದೆ ಬಿಸಿನೀರು ಹರಿದಾಡಿ, ಅಂದವಾದ ಬಿಳಿ, ನಸುಗೆಂಪು ಹರಳುಗಳು ಬೆಳೆದವು. ನಾಶಿಕ, ಛತ್ರಪತಿ ಸಂಭಾಜಿನಗರ, ಜಳಗಾಂವ ಜಿಲ್ಲೆಗಳ ಕಲ್ಲುಗಣಿಗಳಲ್ಲಿ, ಬಾವಿ ತೋಡುವಾಗ ಸಿಕ್ಕುವ ಸ್ಟಿಲ್ಬೈಟ್, ಹ್ಯುಲಂಡೈಟ್ ಹರಳುಗಳು ದೇಶದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಇವುಗಳ ಕುಲದ ಹೆಸರು ಜಿಯೊಲೈಟ್, ಅಂದರೆ ‘ಕುದಿಯುವ ಕಲ್ಲು’. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಕಾಯಿಸಿದಾಗ ಒಳಗಿನ ನೀರು ಹಬೆಯಾಗಿ ಕಲ್ಲು ಕುದಿದಂತೆ ಕಂಡದ್ದರಿಂದ ಆ ಹೆಸರಿಟ್ಟ.

ಜಿಯೊಲೈಟಿನ ಚೌಕಟ್ಟು ಸಿಲಿಕಾನು, ಅಲ್ಯುಮಿನಿಯಮ್ಮು, ಆಮ್ಲಜನಕಗಳದು. ಅಲ್ಯುಮಿನಿಯಮ್ಮು ಕುಳಿತಲ್ಲೆಲ್ಲ ಚೌಕಟ್ಟಿಗೆ ಒಂದು ಋಣ ಉಳಿಯುತ್ತದೆ. ಅದನ್ನು ತೀರಿಸಲು ಚೌಕಟ್ಟಿನ ಓಣಿಗಳಲ್ಲಿ ಸೋಡಿಯಮ್ಮು, ಕ್ಯಾಲ್ಸಿಯಮ್ಮುಗಳ ಧನ ಅಯಾನುಗಳು ಬಿಡಾರ ಹೂಡಿರುತ್ತವೆ. ಬಿಗಿಯಾಗಿ ಅಲ್ಲ, ಬಾಡಿಗೆದಾರರಂತೆ. ಸೋಡಿಯಮ್ಮು ತುಂಬಿದ ಇಂಥ ಕಲ್ಲಿನ ಮೂಲಕ ಗಡಸು ನೀರನ್ನು ಹಾಯಿಸಿದರೆ ನೀರಿನ ಒಂದು ಕ್ಯಾಲ್ಸಿಯಮ್ಮು ಒಳಗೆ ಬಂದು ಎರಡು ಸೋಡಿಯಮ್ಮುಗಳು ಹೊರಗೆ ಹೋಗುತ್ತವೆ. ಎರಡು ಧನಕ್ಕೆ ಎರಡು ಧನ, ಲೆಕ್ಕ ಸರಿ. ಕಲ್ಲು ಕ್ಯಾಲ್ಸಿಯಮ್ಮಿನಿಂದ ತುಂಬಿದ ಮೇಲೆ ಗಟ್ಟಿ ಉಪ್ಪುನೀರು ಹಾಯಿಸಿದರೆ ಮತ್ತೆ ಮೊದಲಿನಂತೆ. ಮಣ್ಣಿನಲ್ಲಿಯೂ ಇಂಥ ಅದಲುಬದಲು ನಡೆಯುವುದನ್ನು 1850ರಲ್ಲಿಯೇ ಇಂಗ್ಲೆಂಡಿನ ಥಾಮ್ಸನ್ ಮತ್ತು ವೇ ಎಂಬವರು ಕಂಡಿದ್ದರು. ಇಂದು ಮನೆಗಳಲ್ಲಿ ಕೂಡಿಸುವ ಮೆದುನೀರಿನ ಯಂತ್ರದಲ್ಲಿ ಕಲ್ಲಿನ ಬದಲು ರಾಳದ ಮಣಿಗಳಿವೆ, ಕೆಲಸ ಅದೇ. ಅನೇಕ ಬಟ್ಟೆಪುಡಿಗಳಲ್ಲಿ ಕೃತಕ ಜಿಯೊಲೈಟನ್ನೇ ಬೆರೆಸುತ್ತಾರೆ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ನೀರಿಗೆ ಸೇರಿದ ವಿಕಿರಣಶೀಲ ಸೀಸಿಯಮ್ಮನ್ನು ಹಿಡಿಯಲು ಕೂಡ ಜಿಯೊಲೈಟು ಬಳಕೆಯಾಯಿತು. ಪೊಟರೆಯಲ್ಲಿ ಇಂಥ ಕಲ್ಲಿದ್ದರೂ ನಮ್ಮ ಬಾವಿಗಳ ನೀರು ಗಡಸಾಗಿರುವುದೇಕೆ ಎಂದು ಕೇಳಬಹುದು. ಪೊಟರೆಯ ಹರಳು ಒಂದು ಹಿಡಿ. ಸುತ್ತಲಿನ ಕ್ಯಾಲ್ಸಿಯಮ್ಮು ತುಂಬಿದ ಬಂಡೆ ಒಂದು ಬೆಟ್ಟ.

ಸಿನ್ನರದ ಗಾರಗೋಟಿ ಸಂಗ್ರಹಾಲಯಕ್ಕೆ ಮಗಳನ್ನು ಕರೆದೊಯ್ದಿದ್ದೆವು. ಗಾಜಿನ ಪೆಟ್ಟಿಗೆಯ ಮುಂದೆ ಅವಳು ನಿಂತದ್ದು ನೋಡಿದರೆ ಶ್ರಾವಣದಲ್ಲಿ ಅವಳ ಅಜ್ಜಿ ದೇವರ ಮುಂದೆ ನಿಲ್ಲುವಂತಿತ್ತು. ಬಸ್ಸು ತಪ್ಪಿ ರಾತ್ರಿ ಹತ್ತಕ್ಕೆ ಮನೆ ಸೇರಿದೆವು. ಅದು ಬೇರೆ ಮಾತು.

ಈಗ ಹೇಳಲು ನಾಚಿಕೆಯಾಗುವ ಸಂಗತಿಯೊಂದನ್ನು ಹೇಳಬೇಕು. ಕಳೆದ ಬೇಸಿಗೆಯಲ್ಲಿ ನಮ್ಮ ಚಿಕ್ಕ ಮಗನಿಗೆ, ಅವನಿಗೆ ನಾಲ್ಕು ವರ್ಷ, ನಡುರಾತ್ರಿ ವಾಂತಿಭೇದಿ ಹತ್ತಿತು. ಮನೆಯಲ್ಲಿ ಉಪ್ಪು-ಸಕ್ಕರೆಯ ಆ ಪುಡಿಯ ಪೊಟ್ಟಣವಿತ್ತು. ಗಾಬರಿಯಲ್ಲಿ ನಾವು ಪೂರ್ತಿ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಕಲಕಿದೆವು. ಗಟ್ಟಿಯಿದ್ದಷ್ಟೂ ಗುಣ ಹೆಚ್ಚೆಂಬುದು ನಮ್ಮ ಬಿ.ಎ. ಬುದ್ಧಿ. ಲೋಟ ಹುಡುಗನ ಬಾಯಿಯ ಹತ್ತಿರ ಹೋಗಿತ್ತು. ಮಗಳು ಖಾಲಿ ಪೊಟ್ಟಣ ಹಿಡಿದು ಓದುತ್ತಿದ್ದಳು. ಸೋಡಿಯಮ್ ಕ್ಲೋರೈಡು, ಪೊಟ್ಯಾಸಿಯಮ್ ಕ್ಲೋರೈಡು ಎಂಬ ಹೆಸರು ಕಂಡಲ್ಲೆಲ್ಲ ಓದುವುದು ಈಗ ಅವಳ ಚಟ. ಒಮ್ಮೆಲೆ ಕೂಗಿದಳು: “ಅಪ್ಪಾ, ನಿಲ್ಲರಿ! ಇದು ಒಂದು ಲೀಟರಿಗಂತ ಬರದದ!”

ಲೋಟ ಚೆಲ್ಲಿದೆವು. ಇನ್ನೊಂದು ಪೊಟ್ಟಣವನ್ನು, ಕುದಿಸಿ ಆರಿಸಿದ್ದ ಒಂದು ಲೀಟರು ನೀರಿನಲ್ಲಿ ಕಲಸಿ ಚಮಚೆಯಿಂದ ಕುಡಿಸುತ್ತ ಬೆಳಗು ಮಾಡಿದೆವು. ಬೆಳಗಿನಲ್ಲಿ ನೋಡಿದ ವೈದ್ಯರು, ಆ ಲೋಟವನ್ನು ಕುಡಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಮೆಲ್ಲಗೆ ತಿಳಿಸಿದರು. ಅಷ್ಟು ಗಟ್ಟಿ ದ್ರಾವಣ ಮೈಯ ನೀರನ್ನೇ ಕರುಳಿಗೆ ಸೆಳೆಯುತ್ತದೆ. ರಕ್ತದಲ್ಲಿ ಸೋಡಿಯಮ್ಮು ಏರಿದರೆ ಮಗುವಿನ ಮಿದುಳಿಗೇ ಅಪಾಯ. ನಮಗೆ ಕೈಕಾಲು ತಣ್ಣಗಾದವು.

ಆ ಪುಡಿಯ ಲೆಕ್ಕ ಎಷ್ಟು ನಾಜೂಕೆಂಬುದನ್ನು ಆಮೇಲೆ ಓದಿಕೊಂಡೆವು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಗೊತ್ತುಮಾಡಿದ ಪ್ರಕಾರ ಒಂದು ಲೀಟರಿಗೆ ಸೋಡಿಯಮ್ ಕ್ಲೋರೈಡು 2.6 ಗ್ರಾಂ, ಗ್ಲೂಕೋಸು 13.5, ಪೊಟ್ಯಾಸಿಯಮ್ ಕ್ಲೋರೈಡು 1.5, ಸೋಡಿಯಮ್ ಸಿಟ್ರೇಟು 2.9, ಒಟ್ಟು 20.5 ಗ್ರಾಂ. ಸಕ್ಕರೆ ರುಚಿಗಲ್ಲ. ಕರುಳಿನ ಗೋಡೆಯಲ್ಲಿ ಸೋಡಿಯಮ್ ಅಯಾನು ಮತ್ತು ಗ್ಲೂಕೋಸು ಜೊತೆಯಾಗಿ ಒಳಹೋಗುವ ಬಾಗಿಲೊಂದಿದೆ. ಭೇದಿಯಾಗುತ್ತಿರುವಾಗಲೂ ಅದು ಮುಚ್ಚುವುದಿಲ್ಲ. ಅವೆರಡು ಹೋದ ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬಂಗಾಲದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ತೀರಿದಾಗ, ಡಾಕ್ಟರ್ ದಿಲೀಪ ಮಹಲಾನಬೀಸರು ಉಪ್ಪು-ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಯಿಂದಲೇ ಕುಡಿಸಿ ಅಸಂಖ್ಯ ಜೀವಗಳನ್ನುಳಿಸಿದರು. ಸೋಡಿಯಮ್ ಲೋಹವನ್ನು ನೀರಿಗೆ ಹಾಕಿದರೆ ಉರಿದು ಸಿಡಿಯುತ್ತದೆ. ಕ್ಲೋರೀನು ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷವಾಯು. ಒಂದೊಂದು ಇಲೆಕ್ಟ್ರಾನು ಅತ್ತಿತ್ತಲಾದ ಮೇಲೆ ಅವೇ ನಮ್ಮ ಹುಡುಗನ ಬಾಯಿಗೆ ಚಮಚೆಯಲ್ಲಿ ಹೋದವು.

ಹುಡುಗ ಮೂರನೆಯ ದಿನಕ್ಕೆ ಅಂಗಳದಲ್ಲಿ ಓಡಾಡುತ್ತಿದ್ದ.

ಮಗಳ ಮುಂದಿನ ಪತ್ರಿಕೆ ಕಪಾಟಿನ ಕಾಗದದ ಕೆಳಗೆ ಹೋಗಲಿಲ್ಲ; ಊಟದ ಹೊತ್ತಿಗೆ ನಮ್ಮ ತಟ್ಟೆಯ ಪಕ್ಕದಲ್ಲಿ ಬಂದು ಕುಳಿತಿತು. 20ಕ್ಕೆ 13. ಏಳು ಹೋದದ್ದೆಲ್ಲಿ ಎಂದು ಕೇಳಿದೆವು. ಕಬ್ಬಿಣದಲ್ಲಿಯಂತೆ. ಕಬ್ಬಿಣದ ಇಲೆಕ್ಟ್ರಾನುಗಳು ಎರಡು, ಎಂಟು, ಹದಿನಾಲ್ಕು, ಎರಡು. ಅದು ಕೆಲವೊಮ್ಮೆ ಎರಡನ್ನು, ಕೆಲವೊಮ್ಮೆ ಮೂರನ್ನು ಕೊಡುತ್ತದೆ. ಎಂಟರ ಲೆಕ್ಕ ಅಲ್ಲಿ ಕೂಡಿಬರುವುದಿಲ್ಲ. “ಮೂರನೇ ಡಬ್ಬ್ಯಾಗ ಹದಿನಾಲ್ಕು ಮಂದಿ ಹ್ಯಾಂಗ ಕೂತರು ಅಪ್ಪಾ?” ಎಂದು ಅವಳು ಕೇಳುತ್ತಿದ್ದಾಳೆ. ಮೂರನೆಯ ಕವಚಕ್ಕೆ 18ರವರೆಗೂ ಸ್ಥಳವಿದೆ ಎಂಬಲ್ಲಿಯವರೆಗೆ ನಾವು ಓದಿದ್ದೇವೆ. ಕಚೇರಿಯ ಚೀಲದಲ್ಲಿ ಈಗ ಊಟದ ಡಬ್ಬಿಯ ಜೊತೆಗೆ ಹನ್ನೊಂದನೆಯ ಇಯತ್ತೆಯ ಹಳೆಯ ಪುಸ್ತಕವೊಂದಿದೆ.